ಕೆಳಗಿನ ಮನೆಯ ಬೀಗದ ಕೈ

ಫೆಬ್ರವರಿ 3, 2025, ಸೋಮವಾರ

ನಿವೃತ್ತಿಯಾಗಿ ಮೂರನೇ ದಿನ. ಬೀಳ್ಕೊಡುಗೆಯಲ್ಲಿ ಗಾರ್ಮೆಂಟ್ಸಿನವರು ಒಂದು ಶಾಲು, ಒಂದು ಗೋಡೆ ಗಡಿಯಾರ ಮತ್ತು ಈ ಡೈರಿ ಕೊಟ್ಟರು. ಬೊಮ್ಮನಹಳ್ಳಿಯ ಆ ಫ್ಯಾಕ್ಟರಿಯ ಟೈಮ್ ಆಫೀಸಿನಲ್ಲಿ ಹಾಜರಿ ಬರೆಯುತ್ತ ಮೂವತ್ತೊಂದು ವರ್ಷ ಕುಳಿತು, ಮೂರು ನಿಮಿಷ ತಡವಾಗಿ ಬಂದವರಿಗೆ ಅರ್ಧ ಗಂಟೆಯ ಸಂಬಳ ಕತ್ತರಿಸಿದವನು ನಾನು. ನನಗೇ ಗಡಿಯಾರ ಕೊಡಬೇಕೆಂದು ಹೊಳೆದ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಅದನ್ನು ಬೀರುವಿನ ಮೇಲೆ ಮಲಗಿಸಿದ್ದೇನೆ. ಡೈರಿಯನ್ನಾದರೂ ಬಳಸೋಣವೆಂದು ಕುಳಿತೆ. ಬರೆಯಲು ಇರುವುದು ಒಂದೇ ವಿಷಯ.

ಅಮ್ಮ ಹೋಗಿ ಇವತ್ತಿಗೆ ಐವತ್ತೆಂಟು ದಿನ. ಉಯಿಲು ಬರೆಸಿಟ್ಟು ಹೋಗಿದ್ದಾಳೆ. ಅರೆಕೆರೆಯ ಈ ಮನೆಯಲ್ಲಿ ಮಹಡಿ ನನಗೆ, ತಾನಿದ್ದ ಕೆಳಗಿನ ಮನೆ ತಂಗಿ ಲತಾಮಣಿಗೆ. ಜಗಳಕ್ಕೆ ಜಾಗವೇ ಇಲ್ಲದ ಹಂಚಿಕೆ. ಆದರೆ ಅಪ್ಪ ತೀರಿಕೊಂಡಾಗ ಚಿಕ್ಕಪ್ಪಂದಿರು ಹೆಣ ಎತ್ತುವ ಮೊದಲೇ ಟ್ರಂಕಿಗೆ ಕೈ ಹಾಕಿದ್ದನ್ನು ಅಮ್ಮ ಮರೆತಿರಲಿಲ್ಲ. ಅದಕ್ಕೇ ಉಯಿಲನ್ನು ಜಾರಿ ಮಾಡುವ ಎಕ್ಸಿಕ್ಯೂಟರ್ ಎಂದು ವಕೀಲ ಶಾಂತವೀರಪ್ಪನವರನ್ನು ನೇಮಿಸಿದ್ದಾಳೆ. ತಾನು ಹೋದ ಮೇಲೆ ಕೆಳಗಿನ ಮನೆಗೆ ಅವರು ಬೀಗ ಹಾಕಬೇಕು, ಒಳಗಿನ ಸಾಮಾನು ಪಟ್ಟಿ ಮಾಡಬೇಕು, ಮನೆ ಲತಾಳದ್ದು ಎಂಬ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಅದರ ಜೊತೆ ಬೀಗದ ಕೈಯನ್ನು ಮಗಳಿಗೆ ಕೊಡಬೇಕು. ಹೀಗೆ ಬರೆಸಿದ್ದಾಳೆ. ಮಣ್ಣು ಮಾಡಿದ ಮೂರನೇ ದಿನ ವಕೀಲರು ಬಂದು ಬೀಗ ಹಾಕಿದರು. ಹಾಕಿದ್ದೇ ಹಾಕಿದ್ದು, ಆಮೇಲೆ ಪತ್ತೆಯೇ ಇಲ್ಲ.

ಸಂಪಿನ ಮೋಟಾರ್ ಸ್ವಿಚ್ಚು ಅಮ್ಮನ ಅಡುಗೆಮನೆಯಲ್ಲಿದೆ. ಹಾಗಾಗಿ ನಾನೂ ನನ್ನ ಹೆಂಡತಿ ಭಾಗ್ಯಜ್ಯೋತಿಯೂ ಬಕೆಟ್ಟಿಗೆ ಹಗ್ಗ ಕಟ್ಟಿ ಸಂಪಿನಿಂದ ನೀರು ಸೇದಿ ಮಹಡಿ ಹತ್ತಿಸುತ್ತೇವೆ. ಬೆಂಗಳೂರಿನಲ್ಲಿ ಬಾವಿ ಉಳಿಸಿಕೊಂಡ ಮನೆ ನಮ್ಮದೊಂದೇ ಇರಬೇಕು.

ಇವತ್ತು ವಕೀಲರಿಗೆ ಹದಿನಾಲ್ಕನೇ ಸಲ ಫೋನ್ ಮಾಡಿದೆ. ರಿಂಗ್ ಆಗಿ ಆಗಿ ನಿಂತಿತು.

ಫೆಬ್ರವರಿ 6, ಗುರುವಾರ

ಹದಿನೈದು, ಹದಿನಾರು. ಮೆಸೇಜ್ ಕೂಡ ಹಾಕಿದೆ. ಎರಡು ಗೆರೆ ನೀಲಿಯಾದವು. ನೋಡಿದ್ದಾರೆ. ನೋಡಿಯೂ ಸುಮ್ಮನಿರಲು ಎಂಥ ಎದೆಗಾರಿಕೆ ಬೇಕು.

ಫೆಬ್ರವರಿ 12, ಬುಧವಾರ

ಜಯನಗರ ನಾಲ್ಕನೇ ಬ್ಲಾಕಿಗೆ ಹೋಗಿದ್ದೆ. ಬಳೆ ಅಂಗಡಿಯ ಮೇಲೆ ಅವರ ಆಫೀಸು. ಬಾಗಿಲು ಹಾಕಿತ್ತು. ಮೆಟ್ಟಿಲ ಮೇಲೆ ಹತ್ತೂವರೆಯಿಂದ ಒಂದೂ ಹತ್ತರವರೆಗೆ ಕಾದೆ. ನನ್ನ ಹಾಗೆಯೇ ಇನ್ನೂ ಮೂವರಿದ್ದರು. ಗೊಟ್ಟಿಗೆರೆಯ ಮುನಿಲಕ್ಷ್ಮಮ್ಮ ಎಂಬ ಮುದುಕಿ ಚಿತ್ರಾನ್ನದ ಡಬ್ಬಿ ತಂದುಕೊಂಡಿದ್ದರು. ನನಗೂ ಒಂದು ತುತ್ತು ಕೊಟ್ಟರು. ಎಂಟು ತಿಂಗಳಿಂದ ಪ್ರತಿ ಬುಧವಾರ ಬರುತ್ತಾರಂತೆ. ಎಂಟು ತಿಂಗಳು ಎನ್ನುವುದನ್ನು ಅವರು ಎಂಟು ದಿನ ಎನ್ನುವಂತೆ ಹೇಳಿದರು. ನನಗೆ ಮೈ ಉರಿದುಹೋಯಿತು. ನನ್ನ ಗೇಟಿನಲ್ಲಿ ಕೆಲಸಕ್ಕಿದ್ದಿದ್ದರೆ ಈ ವಕೀಲರ ಸಂಬಳವೆಲ್ಲ ಕಟ್ ಆಗಿ ಮೈನಸ್‌ಗೆ ಹೋಗಿರುತ್ತಿತ್ತು.

ಫೆಬ್ರವರಿ 27, ಗುರುವಾರ

ಅಂತೂ ಸಿಕ್ಕಿದರು. ಕಂಡ ಕೂಡಲೇ ಬೈಯಬೇಕೆಂದು ಮಾತು ಜೋಡಿಸಿಕೊಂಡು ಹೋಗಿದ್ದೆ. ಅವರು ಸೊಂಟ ಹಿಡಿದುಕೊಂಡು ಎದ್ದು ನಿಂತು, ಸಂಜೀವಯ್ಯನ ಮಗ ಅಲ್ವಾ ಎಂದು ನನ್ನ ಎರಡೂ ಕೈ ಹಿಡಿದರು. ಹೌದು ಸಾರ್ ಎಂದೆ.

ಇದೇ ನಮ್ಮ ಕಷ್ಟ. ಲೇಔಟಿನವರು ನಮ್ಮ ಸೈಟನ್ನು ನುಂಗಲು ನಿಂತಾಗ ಹನ್ನೊಂದು ವರ್ಷ ಕೇಸು ನಡೆಸಿ ಉಳಿಸಿಕೊಟ್ಟವರು ಇವರು. ನಮ್ಮ ಕೇರಿಯವರ ಮನೆಗೆ ಬಂದು ನೆಲದ ಮೇಲೆ ಕುಳಿತು ಮಜ್ಜಿಗೆ ಕುಡಿದ ಮೊದಲ ವಕೀಲರೂ ಇವರೇ. ಬೀಗ ಒಡೆಯಲು ಒಂದು ಸುತ್ತಿಗೆ ಸಾಕು. ಆದರೆ ಅದು ಅವರ ಕೈಯಿಂದ ಬಿದ್ದ ಬೀಗ.

ಫೈಲು ಸಿಗುತ್ತಿಲ್ಲ ಎಂದರು. ಗುಮಾಸ್ತ ಕೆಲಸ ಬಿಟ್ಟು ಹೋಗಿದ್ದಾನೆ. ಕುರ್ಚಿಯ ಮೇಲೆ, ಕಿಟಕಿಯಲ್ಲಿ, ವಾಶ್ ಬೇಸಿನ್ನಿನ ಕೆಳಗೆ, ಎಲ್ಲೆಲ್ಲೂ ಫೈಲು. ಟೀ ತರಿಸಿಕೊಟ್ಟರು. ಕುಡಿದು ಬಂದೆ.

ಮಾರ್ಚ್ 16, ಭಾನುವಾರ

ಲತಾ ಬಂದಿದ್ದಳು, ಮಗಳು ಚೈತ್ರಾಳನ್ನೂ ಕರೆದುಕೊಂಡು. ಇಬ್ಬರೂ ಮೇಲೆ ಬರುವ ಮೊದಲು ಕೆಳಗಿನ ಕಿಟಕಿಗೆ ಹಣೆ ಒತ್ತಿ ಒಳಗೆ ನೋಡುತ್ತ ನಿಂತಿದ್ದರು. ಅಮ್ಮ ಬುದ್ಧರ ಪಟಕ್ಕೆ ಹಾಕಿದ್ದ ಜೀರೋ ಬಲ್ಬು ಡಿಸೆಂಬರಿನಿಂದ ಹಾಗೇ ಉರಿಯುತ್ತಿದೆ. ಆರಿಸಲು ಯಾರಿಗೂ ದಾರಿಯಿಲ್ಲ.

ಲತಾ ಗಂಡನನ್ನು ಬಿಟ್ಟು ಬಂದು ಒಂಬತ್ತು ವರ್ಷವಾಯಿತು. ಬಿಟಿಎಂ ಲೇಔಟಿನಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ. ಆ ಕಟ್ಟಡ ಒಡೆದು ಪಿಜಿ ಕಟ್ಟಿಸುತ್ತಾನಂತೆ ಓನರು. ಮಳೆಗಾಲ ಮುಗಿಯುವ ಹೊತ್ತಿಗೆ ಖಾಲಿ ಮಾಡಬೇಕು. ಬೇರೆ ಕಡೆ ಕೇಳಿದರೆ ಗಂಡ ಎಲ್ಲಿ ಎನ್ನುತ್ತಾರೆ. ಆಮೇಲೆ ಅಡ್ಡಡ್ಡ ಮಾತಾಡಿ ಯಾವ ಜನ ಎಂದು ತಿಳಿದುಕೊಳ್ಳುತ್ತಾರೆ. ಅಷ್ಟಾದ ಮೇಲೆ ಮನೆ ಬೇರೆಯವರಿಗೆ ಹೋಗಿರುತ್ತದೆ.

ಹೊರಡುವಾಗ ಮೆಟ್ಟಿಲ ಹತ್ತಿರ ನಿಂತು ಹೇಳಿದಳು. ‘ನಂಗೆ ಬೇರೆ ಏನೂ ಬೇಡಣ್ಣ. ಒಳಗಿಂದ ಚಿಲಕ ಹಾಕ್ಕೊಂಡು ಮಲಗೋಕೆ ನಂದು ಅಂತ ಒಂದು ಬಾಗಿಲು. ಅಷ್ಟೇ.’

ಅಮ್ಮನೂ ಕೊನೆಗೆ ನನಗೆ ಹೇಳಿದ್ದು ಅದೇ. ಲತಾಳ ಕೈಗೆ ಬೀಗದ ಕೈ ಹೋಗುವವರೆಗೂ ಸುಮ್ಮನೆ ಕೂರಬೇಡ ಎಂದಿದ್ದಳು. ನಾನು ಹೂಂ ಎಂದಿದ್ದೆ. ಕೂತಲ್ಲಿಯೇ ಇದ್ದೇನೆ.

ಏಪ್ರಿಲ್ 9, ಬುಧವಾರ

ಫೋನ್ ಎಣಿಸುವುದನ್ನು ಬಿಟ್ಟೆ. ಎಲೆಕ್ಟ್ರಿಷಿಯನ್ ಮೋಟಾರಿಗೆ ಹೊರಗಿನಿಂದ ವೈರ್ ಎಳೆದುಕೊಟ್ಟ. ಈಗ ನೀರು ಬರುತ್ತದೆ, ನನಗೆ ಆ ಕೆಲಸವೂ ತಪ್ಪಿತು. ಬೆಳಿಗ್ಗೆ ಭಾಗ್ಯ ನರ್ಸಿಂಗ್ ಹೋಮಿನ ಡ್ಯೂಟಿಗೆ ಹೋದರೆ ಮತ್ತೆ ಬರುವುದು ಏಳು ಗಂಟೆಗೆ. ಅಲ್ಲಿಯವರೆಗೆ ನಾನು, ಕೆಳಗೆ ಒಂದು ಬೀಗ. ರೂಮಿನಿಂದ ರೂಮಿಗೆ ಓಡಾಡುತ್ತೇನೆ. ನಾಲ್ಕು ಗೋಡೆ ದಿನಕ್ಕೆ ಒಂದಿಷ್ಟು ಹತ್ತಿರ ಬರುತ್ತಿವೆ ಅನಿಸುತ್ತದೆ.

ಸಂಜೆ ಭಾಗ್ಯಳ ಮೇಲೆ ಸುಮ್ಮನೆ ರೇಗಿದೆ. ಅವಳು ಚಪ್ಪಲಿ ಕೂಡ ಬಿಡದೆ ಅಲ್ಲೇ ನಿಂತು, ಇಲ್ಲಿ ಕೂತು ನನ್ನ ಮೇಲೆ ಕೂಗುವ ಬದಲು ಆ ವಕೀಲರ ಆಫೀಸಿನಲ್ಲಿ ಹೋಗಿ ಕೂರಬಾರದೇ ಎಂದಳು. ಮಾತು ಸರಿಯಾಗಿದೆ. ನಾಳೆಯಿಂದ ದಿನಾ ಹೋಗಿ ಅವರ ಎದುರೇ ಕೂರುತ್ತೇನೆ. ಫೈಲು ಸಿಗುವವರೆಗೂ ಏಳುವುದಿಲ್ಲ.

ಏಪ್ರಿಲ್ 11, ಶುಕ್ರವಾರ

ಎರಡನೇ ದಿನ. ವಕೀಲರು ಕೋರ್ಟಿನಿಂದ ಬಂದು ನನ್ನನ್ನು ನೋಡಿ ನಿಟ್ಟುಸಿರು ಬಿಟ್ಟರು. ‘ದೇವರಾಜ್, ನನ್ನ ಕೈಲಿ ಬಗ್ಗೋಕೆ ಆಗಲ್ಲ. ನೀವೇ ಹುಡುಕಿದ್ರೆ ನಂಗೇನೂ ಅಡ್ಡಿಯಿಲ್ಲ’ ಎಂದರು. ಶರ್ಟಿನ ತೋಳು ಮಡಚಿದೆ. ಕಿಟಕಿಯ ಕಡೆಯಿಂದ ಶುರು ಮಾಡಿದ್ದೇನೆ.

ಏಪ್ರಿಲ್ 30, ಬುಧವಾರ

ಸಿಕ್ಕಿತು! ಪ್ರಿಂಟರಿನ ಕೆಳಗೆ, ಅದು ಅಲುಗಾಡದಿರಲೆಂದು ಒತ್ತು ಕೊಟ್ಟಿದ್ದರು. ಉಯಿಲಿನ ಮೂಲಪ್ರತಿ, ಅಮ್ಮನ ಹೆಬ್ಬೆಟ್ಟು, ಎಲ್ಲ ಸರಿಯಾಗಿದೆ. ಇನ್ನು ಸಾಮಾನಿನ ಪಟ್ಟಿ ಮತ್ತು ಒಪ್ಪಿಗೆ ಪತ್ರ, ಎರಡೇ ಬಾಕಿ ಎಂದರು ವಕೀಲರು. ಲತಾಗೆ ಫೋನ್ ಮಾಡಿ ಹೇಳಿದೆ. ಅವಳು ಅತ್ತಳು.

ನಮ್ಮದನ್ನು ಹುಡುಕುವಾಗ ಬೇರೆಯವರ ಫೈಲುಗಳನ್ನೂ ವರ್ಷದ ಪ್ರಕಾರ ಜೋಡಿಸಿಟ್ಟೆ. ಅರ್ಧಕ್ಕೆ ಬಿಡಲು ಮನಸ್ಸಾಗಲಿಲ್ಲ, ಈ ವಾರ ಮುಗಿಸುತ್ತೇನೆ. ಮಧ್ಯಾಹ್ನ ಆಫೀಸಿನ ಫೋನ್ ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ತಲೆನೋವು ತಾಳದೆ ನಾನೇ ಎತ್ತಿ, ಸಾರ್ ಕೋರ್ಟಿನಲ್ಲಿದ್ದಾರೆ ಎಂದೆ. ಆ ಕಡೆಯವರು ಎಷ್ಟು ಮರ್ಯಾದೆಯಿಂದ ಮಾತಾಡಿದರು!

ಮೇ 12, ಸೋಮವಾರ

ಬುದ್ಧ ಪೂರ್ಣಿಮೆ. ಲತಾ ಪಾಯಸ ತಂದಿದ್ದಳು. ಪ್ರತಿ ವರ್ಷ ಇದನ್ನು ಅಮ್ಮನ ಒಲೆಯ ಮೇಲೆ ಮಾಡುತ್ತಿದ್ದಳು. ಪಟ್ಟಿ ಯಾವಾಗ ಎಂದು ಕೇಳಿದಳು. ಸಾರ್ ಅವರ ಸೊಂಟ ಸರಿಹೋಗಲಿ ಎಂದೆ. ಅವಳು ಚೈತ್ರಾಳ ಬಟ್ಟಲಿಗೆ ಇನ್ನಷ್ಟು ಪಾಯಸ ಬಡಿಸಿದಳು.

ಜೂನ್ 5, ಗುರುವಾರ

ಈಗ ಒಂಬತ್ತೂವರೆಗೆ ನಾನೇ ಆಫೀಸಿನ ಬಾಗಿಲು ತೆಗೆಯುತ್ತೇನೆ. ಸಾರ್ ಒಂದು ಬೀಗದ ಕೈ ಮಾಡಿಸಿಕೊಟ್ಟಿದ್ದಾರೆ. ಹಳೆಯ ಗುಮಾಸ್ತನ ಕುರ್ಚಿಗೆ ಒಂದು ಕಾಲು ಗಿಡ್ಡವಿತ್ತು, ರಟ್ಟು ಮಡಚಿ ಕೊಟ್ಟೆ. ಬಂದವರಿಗೊಂದು ಪುಸ್ತಕ ಇಟ್ಟಿದ್ದೇನೆ. ಹೆಸರು, ಊರು, ಬಂದ ಹೊತ್ತು, ಬಂದ ಕೆಲಸ. ಮನಸ್ಸಿಗೆ ಬಂದಂತೆ ನುಗ್ಗುವುದು ನಿಂತಿದೆ. ಸಾರ್ ಮೊದಲ ಪುಟ ನೋಡಿ, ಮೂವತ್ತು ವರ್ಷದಲ್ಲಿ ನನಗೆ ಇದು ತೋಚಲಿಲ್ಲವಲ್ಲ ಎಂದರು.

ಬೆಳಿಗ್ಗೆ ಇಸ್ತ್ರಿ ಶರ್ಟು ಹಾಕಿಕೊಳ್ಳುವಾಗ ಭಾಗ್ಯ, ‘ಏನ್ರೀ, ಆಫೀಸಿಗೆ ಹೊರಟ್ರಾ?’ ಎಂದಳು. ಕೆಲಸದ ಹೊತ್ತಿನಲ್ಲಿ ಇವಳಿಗೆ ತಮಾಷೆ.

ಜುಲೈ 16, ಬುಧವಾರ

ಮುನಿಲಕ್ಷ್ಮಮ್ಮ ಮತ್ತೆ ಬಂದಿದ್ದರು. ಮುಂದಿನ ವಾರ ಬನ್ನಿ ಎಂದು ಕಳೆದ ವಾರವೇ ಹೇಳಿದ್ದೆ, ಮುಂದಿನ ವಾರವಾಯಿತಲ್ಲ ಎನ್ನುತ್ತಾರೆ. ಅವರ ಆಸ್ತಿ ವಿಭಾಗದ ಪತ್ರ ಟೈಪ್ ಆಗಬೇಕು, ಸಾರ್ ನೋಡಬೇಕು, ತಿದ್ದಬೇಕು, ಮತ್ತೆ ಟೈಪ್ ಆಗಬೇಕು. ಜನಕ್ಕೆ ಇದೊಂದೂ ಗೊತ್ತಾಗುವುದಿಲ್ಲ. ಕೆಲವರು ದಿನಕ್ಕೆ ಮೂರು ಸಲ ಫೋನ್ ಮಾಡುತ್ತಾರೆ. ಎತ್ತಿದರೆ ಅದೇ ಪ್ರಶ್ನೆ. ಹಾಗಾಗಿ ಹನ್ನೆರಡರಿಂದ ಎರಡರವರೆಗೆ ಫೋನನ್ನು ತೆಗೆದು ಪಕ್ಕಕ್ಕಿಡುತ್ತೇನೆ. ಇಲ್ಲದಿದ್ದರೆ ಕೆಲಸ ಸಾಗುವುದಿಲ್ಲ.

ಡಬ್ಬಿ ತೆರೆದು ನನಗೂ ಚಿತ್ರಾನ್ನ ಕೊಡಲು ಬಂದರು. ಆಫೀಸಿನಲ್ಲಿ ಬೇಡಮ್ಮ ಎಂದೆ.

ಆಗಸ್ಟ್ 23, ಶನಿವಾರ

ಅಂತೂ ಪಟ್ಟಿ ಆಯಿತು. ಸಾರ್ ಆಟೋದಲ್ಲಿ ಅರೆಕೆರೆಗೆ ಬಂದರು. ಎಂಟು ತಿಂಗಳ ಮೇಲೆ ಬಾಗಿಲು ತೆಗೆದಾಗ ಒಳಗಿನಿಂದ ಅಮ್ಮನ ಎಲೆಅಡಿಕೆ ಚೀಲದ ವಾಸನೆ ಬಂತು. ಲತಾ ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಸಾರ್ ಮಂಚದ ಮೇಲೆ ಕುಳಿತರು, ನಾನು ಒಂದೊಂದೇ ಹೇಳುತ್ತ ಬರೆದುಕೊಂಡೆ. ಕಬ್ಬಿಣದ ಮಂಚ, ಟ್ರಂಕು ಎರಡು, ರುಬ್ಬುವ ಕಲ್ಲು, ಹೊಲಿಗೆ ಮಿಷನ್ನು, ಬುದ್ಧರ ಪಟ. ಒಟ್ಟು ಅರವತ್ತಮೂರು ಬಾಬತ್ತು. ಬಹಳ ಅಚ್ಚುಕಟ್ಟಾಗಿ ಬಂದಿದೆ.

ಲತಾ ಗೂಡಿನಿಂದ ಅಮ್ಮನ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ತನ್ನ ಬ್ಯಾಗಿಗೆ ಹಾಕಿಕೊಳ್ಳುತ್ತಿದ್ದಳು. ಅದು ಇಪ್ಪತ್ತೆಂಟನೇ ನಂಬರಿನಲ್ಲಿ ಆಗಲೇ ಸೇರಿತ್ತು. ಪಟ್ಟಿಗೆ ಬಂದಾಗಿದೆ, ಇದ್ದಲ್ಲೇ ಇಡು ಎಂದೆ. ಇಟ್ಟಳು. ಸಾರ್ ಆ ಕನ್ನಡಕವನ್ನೂ ನನ್ನನ್ನೂ ಒಮ್ಮೆ ನೋಡಿದರು.

ಆಮೇಲೆ ನಾನೇ ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿ, ಬೀಗದ ಕೈಯನ್ನು ಸಾರ್ ಕೈಗೆ ಕೊಟ್ಟೆ. ಲತಾ ಊಟಕ್ಕೆ ನಿಲ್ಲಲಿಲ್ಲ. ಚೈತ್ರಾಗೆ ಟ್ಯೂಷನ್ ಇದೆ ಎಂದಳು. ಶನಿವಾರ ಟ್ಯೂಷನ್ ಇರುತ್ತದೆಯೇ?

ಸೆಪ್ಟೆಂಬರ್ 18, ಗುರುವಾರ

ಒಳ್ಳೆಯ ದಿನ. ಸಾರ್ ಕೋರ್ಟಿಗೆ ಹೋಗದೆ ಕುಳಿತು, ನಾನು ಮುಂದಿಟ್ಟ ಹನ್ನೊಂದು ಕಾಗದಕ್ಕೆ ಒಂದೇ ಸಲ ಸಹಿ ಮಾಡಿಕೊಟ್ಟರು. ಮುನಿಲಕ್ಷ್ಮಮ್ಮನದು, ನಮ್ಮ ಒಪ್ಪಿಗೆ ಪತ್ರ, ಇನ್ನೂ ಒಂಬತ್ತು. ನಮ್ಮದರ ಜೊತೆ ಕೆಳಗಿನ ಮನೆಯ ಬೀಗದ ಕೈಯನ್ನೂ ನನ್ನ ಕೈಗೆ ಕೊಟ್ಟರು. ಹಿಂದಿನವೂ ಸೇರಿ ಟ್ರೇನಲ್ಲಿ ಈಗ ಮೂವತ್ತೇಳು ಇವೆ. ಇಷ್ಟು ಕಾಗದ ಹೊರಗೆ ಹೋಗಬೇಕಾದರೆ ಒಂದು ಕ್ರಮ ಬೇಕೇ ಬೇಕು. ಸೋಮವಾರದಿಂದ ರವಾನೆ ಪುಸ್ತಕ ಶುರು ಮಾಡುತ್ತೇನೆ. ಪ್ರತಿಯೊಂದಕ್ಕೂ ಎರಡು ಜೆರಾಕ್ಸ್, ಮೇಲೊಂದು ಪತ್ರ, ಕವರು, ನಂಬರು, ಪಡೆದವರ ಸಹಿ, ಹೊತ್ತು. ಕೆಂಪು ಬಟ್ಟೆಯ ಬೈಂಡಿನ ಪುಸ್ತಕ ಸಿಕ್ಕಿತು, ಟೈಮ್ ಆಫೀಸಿನಲ್ಲಿದ್ದಂಥದ್ದೇ. ಗೆರೆ ಎಳೆಯುತ್ತ ಕುಳಿತಾಗ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ.

ಸೆಪ್ಟೆಂಬರ್ 24, ಬುಧವಾರ

ನಂಬರ್ ಹಾಕಿ ಮುಗಿಯಿತು. ನಮ್ಮದು ಮೂವತ್ತೇಳನೆಯದು, ಕೊನೆಯದು. ಬೀಗದ ಕೈಯನ್ನೂ ಅದೇ ಕವರಿಗೆ ಹಾಕಿ ಪಿನ್ ಹೊಡೆದೆ. ನನ್ನ ಮನೆಯವರದ್ದೆಂದು ಮೊದಲಿಗೆ ಇಟ್ಟುಕೊಂಡರೆ ನಾಳೆ ಯಾರಾದರೂ ಬೆರಳು ತೋರಿಸುವುದಿಲ್ಲವೇ? ಟೈಮ್ ಆಫೀಸಿನಲ್ಲಿದ್ದಾಗಲೂ ಸ್ವಂತ ತಂಗಿಯ ಕಾರ್ಡಿಗೆ ನಾನು ತಡ ಎಂದು ಬರೆದವನು. ಅವಳು ಅದೇ ಫ್ಯಾಕ್ಟರಿಯಲ್ಲಿ ಚೆಕಿಂಗ್ ಸೆಕ್ಷನ್ನಿನಲ್ಲಿದ್ದಾಳೆ, ಆ ದಿನ ಚೈತ್ರಾಗೆ ಜ್ವರವಿತ್ತು. ನಿಯಮ ಎಂದರೆ ನಿಯಮ.

ಲತಾ ಮೂರು ಸಲ ಫೋನ್ ಮಾಡಿದ್ದಳು, ಎಲ್ಲ ಕೆಲಸದ ಹೊತ್ತಿನಲ್ಲಿ. ಸಂಜೆ ನಾನೇ ಮಾಡಬೇಕೆಂದಿದ್ದೆ, ಮರೆತೆ.

ಅಕ್ಟೋಬರ್ 3, ಶುಕ್ರವಾರ

ಆಯುಧಪೂಜೆ, ವಿಜಯದಶಮಿ ಎಂದು ಎರಡು ದಿನ ಹಾಳಾಯಿತು. ಹದಿನೆಂಟಕ್ಕೆ ನಿಂತಿದೆ.

ಲತಾ ರಾತ್ರಿ ಊಟದ ಹೊತ್ತಿಗೆ ಫೋನಿನಲ್ಲಿ ಸಿಕ್ಕಳು. ಹತ್ತನೇ ತಾರೀಖು ಕಟ್ಟಡ ಒಡೆಯಲು ಜೆಸಿಬಿ ಬರುತ್ತದೆ ಎಂದು ಓನರ್ ಹೇಳಿದ್ದಾನಂತೆ. ಓನರುಗಳು ಹಾಗೇ ಹೆದರಿಸುತ್ತಾರೆ. ಎಲ್ಲ ಕ್ರಮವಾಗಿ ನಡೆಯುತ್ತಿದೆ, ಗಾಬರಿ ಬೇಡ ಎಂದೆ. ‘ಸಾರ್ ಸಹಿ ಮಾಡ್ತಾರಾ ಅಣ್ಣ?’ ಎಂದು ಕೇಳಿದಳು. ಮಾಡಿದ್ದಾರೆ ಎನ್ನಲು ಹೋದೆ. ಹಾಗೆಂದರೆ ಈಗಲೇ ಕೊಡು ಎಂದು ಕೂರುತ್ತಾಳೆ, ಅವಳಿಗೆ ಪುಸ್ತಕದ ವಿಷಯ ಅರ್ಥವಾಗುವುದಿಲ್ಲ. ಆಗುತ್ತದೆ ಎಂದೆ.

ಭಾಗ್ಯ ತಟ್ಟೆ ಎತ್ತುತ್ತ ನನ್ನ ಮುಖವನ್ನೇ ನೋಡುತ್ತಿದ್ದಳು.

ಅಕ್ಟೋಬರ್ 10, ಶುಕ್ರವಾರ

ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ಹನ್ನೊಂದೂ ಕಾಲಿಗೆ ಆಫೀಸಿನ ಫೋನ್ ಬಂತು. ಶಾಂತವೀರಪ್ಪ ಸಾರ್ ಆಫೀಸು ಎಂದೆ. ಆ ಕಡೆ ಲತಾ. ಅವಳು ಸಾರ್ ಅವರ ಮೊಬೈಲಿಗೇ ಮಾಡಿದ್ದಳಂತೆ. ಮೊದಲನೇ ರಿಂಗಿಗೇ ಎತ್ತಿದರಂತೆ. ನಾನು ಬಂದ ಮೇಲೆ ಅವರ ತಲೆಭಾರ ಅಷ್ಟು ಇಳಿದಿದೆ.

‘ಸಹಿ ಮಾಡಿ ಇಪ್ಪತ್ತೆರಡು ದಿನ ಆಯ್ತಂತೆ’ ಎಂದಳು. ‘ಕಾಗದಾನೂ ಬೀಗದ ಕೈನೂ ನಿಮ್ಮಣ್ಣನ ಹತ್ರಾನೇ ಇದೆಯಲ್ಲಮ್ಮ ಅಂದ್ರು.’

ನಾನು ಪುಸ್ತಕ, ಜೆರಾಕ್ಸು, ನಂಬರು ಎಲ್ಲ ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

‘ನಂದು ಎಷ್ಟನೇ ನಂಬರಣ್ಣ?’

‘ಮೂವತ್ತೇಳು.’

‘ಈಗ ಎಷ್ಟರಲ್ಲಿದೆ?’

‘ಮೂವತ್ತೊಂದು ಮುಗೀತು. ಸೋಮವಾರ, ಇಲ್ಲಾಂದ್ರೆ ಮಂಗಳವಾರ.’

ಅವಳ ಹಿಂದೆ ಯಾವುದೋ ದೊಡ್ಡ ಗಾಡಿಯ ಸದ್ದು.

‘ಸರಿ ಬಿಡು. ಕಾಯ್ತೀನಿ.’

ದನಿ ಸಮಾಧಾನವಾಗಿಯೇ ಇತ್ತು. ನಾನು ಮೂವತ್ತೆರಡು, ಮೂವತ್ತಮೂರು ಮುಗಿಸಿದೆ. ನಾಲ್ಕಕ್ಕೆ ಬಾಗಿಲು ಹಾಕಿ ಹೊರಟೆ.

ಐದು ಗಂಟೆಗೆ ಮನೆಯ ಗೇಟು ತೆಗೆದರೆ ಲತಾ ಕೆಳಗಿನ ಮನೆಯ ಮೆಟ್ಟಿಲ ಮೇಲೆ ಕುಳಿತಿದ್ದಳು. ಸುತ್ತ ಸಾಮಾನು. ಸ್ಟವ್ವು, ಸಿಲಿಂಡರು, ಸುತ್ತಿದ ಹಾಸಿಗೆ, ಎರಡು ಬಕೆಟ್ಟಿನಲ್ಲಿ ಪಾತ್ರೆ, ಅಕ್ಕಿಚೀಲದ ತುಂಬ ಚೈತ್ರಾಳ ಪುಸ್ತಕ. ಚೈತ್ರಾ ಬೀಗ ಹಾಕಿದ ಬಾಗಿಲಿಗೆ ಒರಗಿ ನೋಟ್ಸು ಓದುತ್ತಿದ್ದಳು, ನಾಳೆ ಪರೀಕ್ಷೆಯಂತೆ. ಮಧ್ಯಾಹ್ನ ಹನ್ನೆರಡಕ್ಕೆ ಟೆಂಪೋದವನು ಇಳಿಸಿ ಹೋಗಿದ್ದಾನೆ. ಭಾಗ್ಯ ಡ್ಯೂಟಿಯಲ್ಲಿದ್ದಳು, ಮಹಡಿಗೂ ಬೀಗ. ಮುಂದಿನ ಮನೆಯವರು ನೀರು ಕೊಟ್ಟರಂತೆ. ಐದು ಗಂಟೆ ಹಾಗೆಯೇ ಕುಳಿತಿದ್ದಾರೆ. ನನಗೆ ಮತ್ತೆ ಫೋನ್ ಮಾಡಿಲ್ಲ.

ಲತಾ ಎಂದೆ. ಅವಳು ತಲೆ ಎತ್ತಿ ನೋಡಿದಳು.

ಬಂದ ಆಟೋವನ್ನೇ ತಿರುಗಿಸಿಕೊಂಡು ಜಯನಗರಕ್ಕೆ ಓಡಿದೆ. ಬನ್ನೇರುಘಟ್ಟ ರಸ್ತೆಯಲ್ಲಿ ಗಾಡಿಗಳು ಒಂದಕ್ಕೊಂದು ಅಂಟಿ ನಿಂತಿದ್ದವು. ಆಟೋದವನಿಗೆ ಬೇಗ ಬೇಗ ಎಂದು ಗೋಗರೆದೆ, ಅವನು, ನಾನೇನು ಹಾರ್ಕೊಂಡು ಹೋಗ್ಲಾ ಸಾರ್ ಎಂದ. ಟ್ರೇನಿಂದ ಕವರು ತೆಗೆದುಕೊಂಡು, ಬಾಗಿಲು ಹಾಕಿ, ಅದೇ ಆಟೋದಲ್ಲಿ ವಾಪಸ್ಸು ಬಂದೆ.

ಅಷ್ಟರಲ್ಲಿ ಭಾಗ್ಯ ಬಂದು ಅವರನ್ನು ಮೇಲೆ ಕರೆದಿದ್ದಾಳೆ, ಲತಾ ಹೋಗಿಲ್ಲ. ನಾನು ಗೇಟಿನೊಳಗೆ ಬಂದಾಗ ಎದ್ದು ನಿಂತಳು. ಕವರು ಕೊಡಲು ಕೈ ಚಾಚಿದೆ. ಅವಳ ಕಣ್ಣು ನನ್ನ ಇನ್ನೊಂದು ಕೈಯ ಮೇಲಿತ್ತು. ಆಗಲೇ ನಾನೂ ನೋಡಿಕೊಂಡದ್ದು. ರವಾನೆ ಪುಸ್ತಕವನ್ನೂ ಕಂಕುಳಲ್ಲಿಟ್ಟುಕೊಂಡು ಬಂದಿದ್ದೆ. ಯಾವಾಗ ಎತ್ತಿಕೊಂಡೆನೋ ಅಂಬೇಡ್ಕರರ ಪಟದ ಆಣೆಗೂ ಗೊತ್ತಿ‌ಲ್ಲ.

ಅವಳು ಪುಸ್ತಕವನ್ನು ತಾನೇ ತೆಗೆದುಕೊಂಡಳು. ಚೈತ್ರಾಳ ಪೆನ್ನು ಇಸಿದುಕೊಂಡು, ಮೆಟ್ಟಿಲ ಮೇಲೆ ಪುಟ ಬಿಡಿಸಿ, ಮೂವತ್ತೇಳರ ಎದುರು ಪೂರ್ತಿ ಹೆಸರು ಬರೆದು ಸಹಿ ಹಾಕಿದಳು. ಗೋಡೆಯ ಆಚೆ ಯಾರನ್ನೋ ಗಂಟೆ ಎಷ್ಟು ಎಂದು ಕೇಳಿ ಹೊತ್ತನ್ನೂ ತುಂಬಿದಳು. ಏಳು ಇಪ್ಪತ್ತು. ಪುಸ್ತಕ ವಾಪಸ್ಸು ಕೊಡುವಾಗ ಮೆಲ್ಲಗೆ ಕೇಳಿದಳು.

‘ಮಧ್ಯೆ ಮೂರು ಗೆರೆ ಖಾಲಿ ಇದ್ಯಲ್ಲಣ್ಣ, ಪರವಾಗಿಲ್ವಾ?’

ಬಾಗಿಲು ತೆಗೆದು ಒಳಗೆ ಹೋದರು. ಸಾಮಾನು ಎತ್ತಿಕೊಡಲು ಬಗ್ಗಿದೆ. ಭಾಗ್ಯ ನನ್ನ ಕೈ ಸರಿಸಿ ತಾನೇ ಎತ್ತಿಕೊಂಡಳು. ಆಮೇಲೆ ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿಸಿತು.

ಇಪ್ಪತ್ತೆರಡು ದಿನ ಆ ಬೀಗದ ಕೈ ನನ್ನ ಮೊಣಕೈ ತಗಲುವಷ್ಟು ಹತ್ತಿರದಲ್ಲಿತ್ತು. ನಾಚಿಕೆಯಾಗುತ್ತಿದೆ. ಬೇರೆ ಏನು ಬರೆಯಲಿ.

ಅಕ್ಟೋಬರ್ 12, ಭಾನುವಾರ

ನಿನ್ನೆ ಮನೆಯಿಂದ ಹೊರಡಲಿಲ್ಲ. ಸಾರ್ ಫೋನ್ ಮಾಡಿದ್ದರು. ಇನ್ನು ಬರುವುದಿಲ್ಲ, ಉಳಿದ ಮೂರು ಕಾಗದ ಸೋಮವಾರ ನಾನೇ ಅವರವರ ಮನೆಗೆ ಮುಟ್ಟಿಸುತ್ತೇನೆ ಎಂದೆ. ಮುನಿಲಕ್ಷ್ಮಮ್ಮನದು ಮೂವತ್ತಾರು. ಗೊಟ್ಟಿಗೆರೆ ಇಲ್ಲಿಂದ ಬಸ್ಸಿನಲ್ಲಿ ಇಪ್ಪತ್ತು ನಿಮಿಷ. ಯಾವ ದಿನ ಬೇಕಾದರೂ ಕೊಟ್ಟು ಬರಬಹುದಿತ್ತು.

ಇವತ್ತು ಬೆಳಿಗ್ಗೆಯಿಂದ ಕೆಳಗೆ ನೆಲ ತೊಳೆಯುತ್ತಿದ್ದಾರೆ. ಭಾಗ್ಯಳೂ ಅಲ್ಲೇ ಇದ್ದಾಳೆ. ಸೋಪಿನ ನೀರು ಗೇಟಿನ ಕೆಳಗೆ ಹರಿದು ರಸ್ತೆಗೆ ಹೋಗುವುದು ಮಹಡಿಯಿಂದ ಕಾಣುತ್ತದೆ. ಮೂವರೂ ಯಾವುದಕ್ಕೋ ನಕ್ಕರು. ಲತಾಳ ನಗು ಕೇಳಿ ಎಷ್ಟು ಕಾಲವಾಗಿತ್ತು.

ತಿಂಡಿ ಮೇಲೆ ಬರಲಿಲ್ಲ. ಹಸಿವಿಗಲ್ಲ, ಇರಲಾರದೆ ಕೆಳಗಿಳಿದು ಹೋದೆ. ಬಾಗಿಲು ತೆರೆದಿತ್ತು. ಅಮ್ಮನ ಕನ್ನಡಕ ಕಿಟಕಿಯ ಬಳಿ ಚೈತ್ರಾಳ ಪುಸ್ತಕಗಳ ಮೇಲಿತ್ತು. ಹೊಸ್ತಿಲಲ್ಲಿ ನಿಂತೆ. ಲತಾ ಸೀರೆ ಎತ್ತಿಕಟ್ಟಿಕೊಂಡು ಪೊರಕೆ ಹಿಡಿದಿದ್ದಳು. ನನ್ನನ್ನು ನೋಡಿದಳು. ಬೇರೆ ದಿನವಾದರೆ ಬಾರಣ್ಣ ಎನ್ನುತ್ತಿದ್ದಳು.

‘ಏನಾಗ್ಬೇಕಿತ್ತು?’ ಎಂದಳು.

ತಪ್ಪಾಯಿತು ಎಂದೆ. ಜೋರಾಗಿ ಹೇಳಿದೆನೋ ಬಾಯೊಳಗೇ ಅಂದೆನೋ ತಿಳಿಯದು. ಅವಳು ಒಂದಿಷ್ಟು ನೀರನ್ನು ಬಾಗಿಲ ಕಡೆಗೆ ಗುಡಿಸಿದಳು. ಅದು ನನ್ನ ಪಾದ ನೆನೆಸಿ ಹೋಯಿತು.

‘ನೆಲ ಒಣಗ್ಲಿ’ ಎಂದಳು.

ಆಗಲಿ ಎಂದು ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತೆ. ವಾಚು ಮೇಲೆಯೇ ಬಿಟ್ಟು ಬಂದಿದ್ದೆ. ಎಷ್ಟು ಹೊತ್ತು ಕುಳಿತಿದ್ದೆನೋ ಗೊತ್ತಿಲ್ಲ. ಬಿಸಿಲು ಮೊಣಕಾಲಿನವರೆಗೆ ಬಂದಿತ್ತು, ಇನ್ನೂ ಕರೆದಿರಲಿಲ್ಲ.